ಚರಗದ ಐದು ಸಾಲು

ಅಕ್ಕನವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನಲ್ಲಿ ಹಸಿರು ಕಪ್ಪಾಗಿ ಕೂತ ಒಂದು ಗೆರೆ, ಎಷ್ಟು ತೊಳೆದರೂ ಹೋಗದ್ದು. ಹಸಿ ಹತ್ತಿಕಾಯಿಗೆ ಚಾಕು ಹಾಕಿದರೆ ಒಳಗಿನ ಹುಳ ತುಂಡಾಗುತ್ತದೆಂದು ಅವರು ಹೆಬ್ಬೆರಳಿನಲ್ಲೇ ಒತ್ತಿ ಒಡೆಯುತ್ತಿದ್ದರು. ಟಪ್ ಎಂದು ಕಾಯಿ ಬಾಯಿ ಬಿಡುತ್ತಿತ್ತು. ಒಳಗೆ ಒದ್ದೆ ಅರಳೆಯ ನಡುವೆ ಎರಡು ಅಕ್ಕಿಕಾಳು ಸೇರಿಸಿದಷ್ಟು ಉದ್ದದ ಒಂದು ಗುಲಾಬಿ ಹುಳ, ಬೆಳಕು ಬಿದ್ದೊಡನೆ ತಲೆ ಒಳಗೆ ಎಳೆದುಕೊಳ್ಳುತ್ತಿತ್ತು. ಅಕ್ಕನವರು ಅದನ್ನು ಸಣ್ಣ ಕುಂಚದ ತುದಿಯಿಂದ ಎತ್ತಿ, ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿಗೆ ಇಳಿಸುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವವರ ಮುಖ ಇರುತ್ತದಲ್ಲ, ಹಾಗೇ ಇರುತ್ತಿತ್ತು.

"ಒಡದು ನೋಡು ತಮ್ಮಾ, ಆಮ್ಯಾಲ ಮಾತಾಡು."

ಇದು ಅವರ ಮಾತು. ಹತ್ತಿಕಾಯಿಗೆ ಮಾತ್ರವಲ್ಲ, ಚಹಾದಂಗಡಿಯ ಗಾಳಿಸುದ್ದಿಗೂ, ಕನ್ಯಾ ನೋಡಲು ಹೊರಟವರಿಗೂ, ನನ್ನ ಅವ್ವನ ಮಂಡಿನೋವಿಗೂ ಇದೇ ಮಾತು.

ಅವರು ಸುರಪುರದ ಮಾಸ್ತರರೊಬ್ಬರ ಮಗಳು. ಓದಿ ಓದಿ ದೂರದ ಶಹರದ ಒಂದು ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದರು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಮಾಡುವ ವಿಷ ಹುಳವನ್ನು ಹೇಗೆ ಕೊಲ್ಲುತ್ತದೆ, ಮತ್ತು ಹುಳ ಸಾಯದಿರುವುದನ್ನು ಹೇಗೆ ಕಲಿಯುತ್ತದೆ, ಇವೆರಡೇ ಪ್ರಶ್ನೆಗಳಿಗೆ ಅವರ ಆಯುಷ್ಯ ಹೋಯಿತು. ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ. ಕಾಲುವೆಯ ನೀರು ಆಚೆ ಊರುಗಳಿಗೆ ಭತ್ತ ಕೊಟ್ಟಿತು, ನಮ್ಮ ಎರೆಹೊಲಗಳವರೆಗೆ ಬರಲಿಲ್ಲ. ನಮಗೆ ಹತ್ತಿಯೇ ಗತಿ. ಹೀಗಾಗಿ ಅಕ್ಕನವರು ಹುಳ ಹುಡುಕುತ್ತ ನಮ್ಮಲ್ಲಿಗೆ ಬಂದರು. ಊರವರು 'ಹುಳದ ಮೇಡಂ' ಅಂದರು. ನಮ್ಮ ಅವ್ವ ಮೊದಲ ದಿನವೇ ಮಜ್ಜಿಗೆ ಕೊಟ್ಟು "ಸುರಪುರದಾಕಿ ಅಂದ್ರ ನಮ್ಮ ಮಗಳೇ ಆದ್ಯಲ್ಲವ್ವಾ" ಅಂದದ್ದರಿಂದ ನನಗೆ ಅಕ್ಕನವರಾದರು.

ಒಮ್ಮೆ ಅವರನ್ನು ಬಸ್ ಹತ್ತಿಸಲು ಹೋಗಿದ್ದೆ. ಅವರ ತೊಡೆಯ ಮೇಲಿನ ಡಬ್ಬಿಗಳ ಚೀಲ ನೋಡಿ ಕಂಡಕ್ಟರ್ ಕೇಳಿದ: "ಏನದರಿ ಅಮ್ಮಾರ ಅದರಾಗ?"

"ನನ್ನ ಮಕ್ಕಳರೀ. ಇನ್ನೂರು ಅದಾವ. ಅರ್ಧ ಟಿಕೇಟ್ ಹರಿತೀರೇನು?"

ಅವನು ಒಂದು ಮುಚ್ಚಳ ತೆಗೆದು ನೋಡಿದ. ಆಮೇಲೆ ಶಹಾಪುರ ಬರುವವರೆಗೂ ಅವರ ಪಕ್ಕದ ಸೀಟಿಗೆ ಯಾರನ್ನೂ ಕೂಡಿಸಲಿಲ್ಲವಂತೆ.

ನಮ್ಮ ಮನೆಯ ಕಟ್ಟೆಯ ಮೇಲೆ ಅವರಿಗೆ ಮೊದಲ ತಕರಾರು ತಂದವನು ಪಕ್ಕದ ಹೊಲದ ಕಾಕಾ. "ಬೀಜದಾಗೇ ವಿಷ ಅದ, ಹುಳ ತಿಂದ್ರ ಸಾಯ್ತದ ಅಂತ ಹೇಳಿ ಮಾರಿದ್ರಿ. ನಾಕು ವರ್ಷ ಸತ್ವು. ಈಗ ಅದೇ ಕಾಯಾಗ ಮಕ್ಕಳುಮರಿ ಮಾಡ್ಕೊಂಡು ಕುಂತಾವಲ್ರೀ!"

"ನಾ ಮಾರಿಲ್ಲರಿ ಕಾಕಾರ," ಅಂದರು ಅಕ್ಕನವರು. ಎದ್ದು ಹೋಗಿ ನಮ್ಮ ಎತ್ತಿನ ಗೂಟ ಮುಟ್ಟಿ ತೋರಿಸಿದರು. "ಎತ್ತು ನಿಲ್ಲಬೇಕಂದ್ರ ಗೂಟ ಬೇಕಲ್ಲ? ಹುಳದ ಕರಳಿನ ಗ್ವಾಡಿಗೂ ಇಂಥಾ ಸಣ್ಣ ಸಣ್ಣ ಗೂಟ ಇರ್ತಾವ. ವಿಷ ಬಂದು ಆ ಗೂಟಕ್ಕ ಕಟ್ಟಿಗೊಂತದ, ಅಲ್ಲೇ ನಿಂತು ಕರಳಿಗೆ ತೂತು ಹಾಕ್ತದ. ಒಂದಿಷ್ಟು ಹುಳ ಗೂಟಾನೇ ಇಲ್ಲದ ಹುಟ್ಟ್ಯಾವ. ವಿಷ ಬಾಯಾಗ ಹೋಗ್ತದ, ಹಿಂದಿಂದ ಹೊರಗ ಬರ್ತದ. ಕಟ್ಟಾಕ ಜಾಗಾನೇ ಇಲ್ಲ. ಮೆತ್ತನವು ಸತ್ತು, ಗಟ್ಟಿಯವು ಉಳದು, ಈಗ ಗಟ್ಟಿಯವರ ಸಂತಾನಾನೇ ಬೆಳಿಯಾಕತ್ತದ."

"ಮತ್ತ ಏನು ಮಾಡೂದು?"

ಆಗ ಅವರು ಹೇಳಿದ್ದು ಆ ಸಣ್ಣ ಪಾಕೀಟಿನ ವಿಷಯ. ಬೀಜದ ಚೀಲದ ಜತೆ ಇನ್ನೊಂದು ಚಿಕ್ಕ ಪಾಕೀಟು ಬರುತ್ತಿತ್ತು, ವಿಷವಿಲ್ಲದ ಬೀಜದ್ದು. ಅದನ್ನು ಹೊಲದ ಅಂಚಿಗೆ ಐದು ಸಾಲು ಹಾಕಬೇಕು ಎಂದು ಬರೆದಿರುತ್ತಿತ್ತು. ನಾವು ಓದುತ್ತಿರಲಿಲ್ಲ, ಬದುವಿಗೆ ಒಗೆಯುತ್ತಿದ್ದೆವು. ಆ ಐದು ಸಾಲಿನಲ್ಲಿ ಮೆತ್ತನ ಹುಳ ಬದುಕಲಿ, ಅವು ಗಟ್ಟಿ ಹುಳಗಳ ಜೊತೆ ಕೂಡಲಿ, ಹುಟ್ಟುವ ಮಕ್ಕಳು ಮತ್ತೆ ವಿಷಕ್ಕೆ ಸಾಯುತ್ತವೆ ಎಂಬುದು ಲೆಕ್ಕ.

ಕಾಕಾ ಮೀಸೆ ತಿರುವಿದ. "ಅಂದ್ರ ನೀವು ಇಷ್ಟು ಓದಿ, ಹುಳಕ್ಕ ಕನ್ಯಾ ನೋಡಾಕ ಬಂದೀರೇನ್ರಿ?"

"ಹೌದ್ರಿ. ಬೀಗಸ್ತನ ನೀವೇ ಮಾಡಸ್ರಿ."

ಎಲ್ಲರೂ ನಕ್ಕರು. ನಗದೆ ಇದ್ದವಳು ಅವ್ವ ಒಬ್ಬಳೇ. "ಇದರಾಗ ನಗೂದೇನದ?" ಅಂದಳು. "ಎಳ್ಳಮಾಸಿಗಿ ಹೊಲದಾಗ ಚರಗ ಚೆಲ್ಲಂಗಿಲ್ಲೇನು? ಭೂಮಿತಾಯಿಗಿ, ಹಕ್ಕಿಗಿ, ಹುಳಕ್ಕ ಅಂತ ಒಂದು ಪಾಲು ತೆಗದು ಚೆಲ್ತೀವಿ. ಇದೂ ಅದೇ. ಅವರ ಪಾಲು ಅವರಿಗಿ ಇಟ್ರ ನಮ್ಮ ಪಾಲಿಗಿ ಬರಂಗಿಲ್ಲ."

ಅಕ್ಕನವರು ಅವ್ವನತ್ತ ತಿರುಗಿದರು. ಆಮೇಲೆ ತಮ್ಮ ಪುಸ್ತಕ ತೆಗೆದು ಬರೆದುಕೊಂಡರು. ಅಂದಿನಿಂದ ನಮ್ಮೂರಲ್ಲಿ ಆ ಅಂಚಿಗೆ ಹೆಸರೇ ಚರಗದ ಸಾಲು.

ಮೊದಲ ವರ್ಷ ಹತ್ತು ಮನೆಯವರು ಹಾಕಿದರು. ಎರಡನೆಯ ವರ್ಷ ನಾಲ್ಕು. ಕಣ್ಣೆದುರು ಐದು ಸಾಲು ಹುಳಕ್ಕೆ ಬಿಟ್ಟು ಕೂಡುವುದು ಮನುಷ್ಯರಿಗೆ ಸುಲಭವಲ್ಲ. ಮೂರನೆಯ ವರ್ಷ ಉಳಿದದ್ದು ನನ್ನ ಹೊಲ ಒಂದೇ. ಸುತ್ತಲ ಊರುಗಳ ಹುಳಗಳು ಲ್ಯಾಬಿನಲ್ಲಿ ವಿಷ ತಿಂದು ಕೊಬ್ಬುತ್ತಿದ್ದವು, ನನ್ನ ಚರಗದ ಸಾಲಿನವು ಇನ್ನೂ ಸಾಯುತ್ತಿದ್ದವು. ಅಕ್ಕನವರು ಆ ಸುದ್ದಿ ಹೇಳುವಾಗ ಫೋನಿನಲ್ಲೇ ಅವರ ನಗು ಕಾಣುತ್ತಿತ್ತು.

"ತಮ್ಮಾ, ಬರೋ ವಾರ ನಮ್ಮ ದೊಡ್ಡ ಸಾಹೇಬ್ರು ಹೊಲಾ ನೋಡಾಕ ಬರಾಕತ್ತಾರ. ಅವರ ಮನಸಿಗೆ ಬಂದ್ರ ಸುತ್ತ ಐವತ್ತು ಊರಾಗ ಇದನ್ನ ಮಾಡಬಹುದು. ಬರಲಿಲ್ಲಂದ್ರ ಕೆಲಸ ಮುಚ್ಚತಾರ. ಅಷ್ಟೇ ನೋಡು."

ದೊಡ್ಡವರು ಬರುತ್ತಾರೆ ಅಂದರೆ ನಮ್ಮ ಕಡೆ ಮೊದಲು ಅಂಗಳ ಸಾರಿಸುತ್ತಾರೆ. ನಾನು ಹೊಲ ನೋಡಲು ಹೋದೆ. ಚರಗದ ಸಾಲು ಹುಳ ತಿಂದು ಕಜ್ಜಿನಾಯಿಯಂತೆ ನಿಂತಿತ್ತು. ಬದುವಿನ ಮೇಲೆ ಕಾಕಾ ಬೀಡಿ ಹಚ್ಚಿಕೊಂಡು ಕೂತಿದ್ದ.

"ಸಾಹೇಬ ಕಾರಿನಿಂದ ಇಳದಕೂಡ್ಲೇ ಮೊದಲು ಕಾಣೂದು ಇದೇ ಅಲ್ಲೇನೋ? ಮದುವಿ ಮನಿ ಬಾಗಿಲಿಗಿ ತಿಪ್ಪಿ ಹಾಕಿದಂಗದ. ಪಾಪ, ಆ ಹೆಣ್ಮಗಳ ಮರ್ಯಾದಿ ಏನಾಗಬೇಕು?"

ಆ ಮಾತು ನನಗೆ ನಾಟಿತು. ಅಂಚಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಡ ಎಂದು ಅಕ್ಕನವರು ಹೇಳಿದ್ದು ನೆನಪಿತ್ತು. ಇಲ್ಲವೆಂದರೆ ಸುಳ್ಳಾದೀತು. ಆದರೆ ಹುಳವೇ ಬೇಕಾದರೆ ಹೊಲದ ನಡುವೆ ಬೇಕಾದಷ್ಟು ಇವೆಯಲ್ಲ, ಅವೂ ಗುಲಾಬಿ, ಇವೂ ಗುಲಾಬಿ ಎಂದು ನನಗೆ ನಾನೇ ಹೇಳಿಕೊಂಡೆ. ಕಲೆ ಬಿದ್ದ ಕಾಯಿ, ಅರ್ಧ ಬಿರಿದ ಕಾಯಿ, ಸುರುಟಿದ ಹೂ ಎಲ್ಲ ಕಿತ್ತು ಬದುವಿನ ಮೇಲೆ ಸುಟ್ಟೆ. ಪಂಪು ಬೆನ್ನಿಗೆ ಹಾಕಿಕೊಂಡು ಎರಡು ಸಲ ಎಣ್ಣೆ ಹೊಡೆದೆ. ಐದು ಸಾಲು ಹಸಿರಾಗಿ, ತಲೆ ಬಾಚಿದ ಹುಡುಗಿಯರಂತೆ ನಿಂತವು. ಅಕ್ಕನವರಿಗೆ ಸಂತೋಷವಾಗುತ್ತದೆ ಅಂದುಕೊಂಡೆ.

ಸಾಹೇಬರು ಮೈಸೂರು ಕಡೆಯವರು, ಮೆಲುಮಾತಿನವರು. ಅಕ್ಕನವರು ಅವರನ್ನು ಚರಗದ ಸಾಲಿಗೆ ಕರೆತಂದು ಒಂದು ಕಾಯಿ ಕಿತ್ತು ಹೆಬ್ಬೆರಳು ಒತ್ತಿದರು. ಟಪ್. ಏನೂ ಇಲ್ಲ. ಇನ್ನೊಂದು. ಏನೂ ಇಲ್ಲ. ಹತ್ತು, ಇಪ್ಪತ್ತು, ನಲವತ್ತು. ಸಿಕ್ಕಿದ್ದು ಎರಡು, ಎರಡೂ ಸತ್ತಿದ್ದವು. ಬಾಗಿಬಾಗಿ ಅವರ ಸೆರಗು ಜಾರಿ ಮಣ್ಣಾಗಿತ್ತು. ಉಗುರಿನ ಸೀಳಿನಿಂದ ರಕ್ತ ಬರುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ.

"ಇಲ್ಲಿ ಔಷಧಿ ಹೊಡೆದಿದ್ದೀರಾ?" ಸಾಹೇಬರು ನನ್ನನ್ನು ಕೇಳಿದರು.

ಬದುವಿನ ತುಂಬ ಊರ ಮಂದಿ ನಿಂತಿದ್ದರು. "ಇಲ್ರಿ ಸಾಹೇಬ್ರ," ಅಂದೆ.

ಅಕ್ಕನವರು ಒಂದು ಎಲೆ ಕಿತ್ತು ಮೂಗಿಗೆ ಹಿಡಿದರು. ಬದುವಿನ ಮೇಲಿನ ಬೂದಿಯನ್ನು ನೋಡಿದರು. ನನ್ನನ್ನು ನೋಡಿದರು.

ಕಾರು ಹೋಯಿತು. ತಾವು ಆಮೇಲೆ ಬಸ್ಸಿಗೆ ಬರುವುದಾಗಿ ಹೇಳಿ ಅಕ್ಕನವರು ಉಳಿದರು. ಬದುವಿನ ಮೇಲೆ ಕೂತು ಬೆರಳಿನ ರಕ್ತ ಒರೆಸಿಕೊಂಡರು. ಕೊನೆಗೆ, "ನನಗ ವಾಸನಿ ಬರಂಗಿಲ್ಲ ಅನ್ಕೊಂಡೀ ಏನೋ?" ಅಂದರು.

"ಅಲ್ಲೇ ಯಾಕ ಹೇಳಲಿಲ್ರಿ ಅಕ್ಕಾರ?"

"ನಾಕು ಮಂದಿ ಮುಂದ ನಿನ್ನ ಸುಳ್ಳ ಅನ್ನಲೇನು? ಹೋಗಿ ಖರೇನೇ ಬರೀತೀನಿ. ನಿನ್ನ ಹೆಸರು ಬರಿಯಂಗಿಲ್ಲ." ಮಣ್ಣಾದ ಸೆರಗು ಜಾಡಿಸುತ್ತ, "ಬರದ್ರೂ ಅವರು ಏನಂತಾರ ಗೊತ್ತದ. ಕಣ್ಣಾಗ ಕಣ್ಣಿಟ್ಟು ಕಾಯ್ದ ಹೊಲದಾಗೇ ರೈತ ತಡಕೊಳ್ಳಲಿಲ್ಲ, ಇನ್ನ ಐವತ್ತು ಊರಾಗ ಯಾರು ತಡಕೊಂತಾರ ಅಂತಾರ. ಸುಳ್ಳಲ್ಲ ಅದು."

ಅವ್ವ ರೊಟ್ಟಿ ಬುತ್ತಿ ತಂದವಳು ಬೂದಿ ನೋಡಿ ನಿಂತಳು. ನಾನು ಮಾಡಿದ್ದು ಅವಳಿಗೂ ಆಗಲೇ ತಿಳಿದದ್ದು.

"ಚರಗದಾಗ ವಿಷ ಕಲಿಸಿದೇನೋ?" ಅಂದಳು. "ಎಡಿ ಹಿಡಿದ ಕೈಲೇ?"

ಆಕೆ ನನಗೆ ಹೊಡೆದಿದ್ದರೆ ಚೆನ್ನಾಗಿತ್ತು. ಅಕ್ಕನವರೇ ಅವಳ ಕೈ ಹಿಡಿದು ಕೂಡಿಸಿಕೊಂಡು ರೊಟ್ಟಿ ಬಿಚ್ಚಿಸಿದರು. "ಬಿಡವ್ವಾ. ಮನಿ ಸಾರಿಸಿದಂಗ ಹೊಲಾ ಸಾರಿಸ್ಯಾನ. ನನ್ನ ಮರ್ಯಾದಿ ಕಾಯಾಕ ಹೋಗ್ಯಾನ." ಅಷ್ಟು ಹೇಳಿ, ರೊಟ್ಟಿಯ ತುಂಡು ಕೈಯಲ್ಲಿ ಹಿಡಿದುಕೊಂಡೇ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲಸ ಮುಚ್ಚಿತು. ಎರಡು ವರ್ಷದೊಳಗೆ ನಮ್ಮ ಹೊಲದ ಹುಳಗಳೂ ಗಟ್ಟಿಯಾದವು. ಈಗ ಶಹಾಪುರದ ಜಿನ್ನಿಂಗ್ ಗಿರಣಿಯಲ್ಲಿ ನಮ್ಮ ಹತ್ತಿ ಬಿಚ್ಚಿದರೆ ಹಳದಿ ಕಲೆಯದೇ ಹೆಚ್ಚು. ಎಣ್ಣೆ ಹೊಡೆಯುವುದು ನಾಲ್ಕು ಸಲದಿಂದ ಎಂಟಕ್ಕೆ ಹೋಯಿತು. ನನ್ನ ಐದು ಸಾಲು ಉಳಿದಿದ್ದರೆ ಇಡೀ ಸೀಮೆ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಅಕ್ಕನವರೂ ಹೇಳಲಿಲ್ಲ. ಉಳಿಯುತ್ತಿತ್ತೋ ಇಲ್ಲವೋ ನೋಡಲು ಇದ್ದ ಒಂದೇ ಜಾಗವನ್ನು ನಾನು ಸುಟ್ಟೆ, ಅಷ್ಟು ಮಾತ್ರ ಖರೆ.

ಮರುವರ್ಷದಿಂದ ಆ ಸಾಲು ಮತ್ತೆ ಹಾಕತೊಡಗಿದೆ. ಯಾರೂ ಕೇಳಲಿಲ್ಲ. ಒಂದು ಹನಿ ಎಣ್ಣೆ ಹಾಕಲಿಲ್ಲ.

ಹೋದ ಚಳಿಗಾಲ ಅಕ್ಕನವರು ನಿವೃತ್ತರಾಗಿ, ಕ್ಯಾನ್ಸರ್ ಕಾಯಿಲೆ ಹೊತ್ತುಕೊಂಡು ಸುರಪುರದ ಗುಡ್ಡದ ಕೆಳಗಿನ ಅಪ್ಪನ ಮನೆಗೆ ಬಂದಿದ್ದಾರೆ ಎಂದು ತಿಳಿಯಿತು. ನಾನು ಚರಗದ ಸಾಲಿನಲ್ಲಿ ನಲವತ್ತು ಕಾಯಿ ಹೆಬ್ಬೆರಳಿನಿಂದ ಒಡೆದು, ಹುಳಗಳನ್ನು ತೂತಿನ ಡಬ್ಬಿಗೆ ಹಾಕಿಕೊಂಡು ಬಸ್ ಹತ್ತಿದೆ.

ಅವರು ಹಾಸಿಗೆಯಲ್ಲಿ ಹತ್ತಿಬತ್ತಿಯಷ್ಟಾಗಿದ್ದರು. "ಮದ್ದು ಮೊದಲ ವರ್ಷ ಛಲೋ ಕೆಲಸ ಮಾಡ್ತು ತಮ್ಮಾ," ಅಂದರು. "ಈಗ ಒಳಗಿನವೂ ಗೂಟ ಕಿತ್ತುಕೊಂಡಾವ." ನಗಲು ಹೋಗಿ ಕೆಮ್ಮಿದರು.

ಡಬ್ಬಿಯನ್ನು ಅವರ ಅಂಗೈ ಮೇಲೆ ಇಟ್ಟೆ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

"ಮೆತ್ತನವು ಅದಾವೇನೋ ಇದರಾಗ?"

ಹೌದು ಅನ್ನಬಹುದಿತ್ತು. ಸಾಯುವವರಿಗೆ ಒಂದು ಹೌದು ಯಾರಾದರೂ ಕೊಡುತ್ತಾರೆ. ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ರಿ ಅಕ್ಕಾರ," ಅಂದೆ. "ನೋಡಿದ್ರ ಎಲ್ಲಾ ಒಂದೇ ಕಾಣ್ತಾವ."

ಅವರು ಸೀಳುಗುರಿನ ಹೆಬ್ಬೆರಳಿಂದ ನನ್ನ ಕೈಯನ್ನು ಒಮ್ಮೆ ಒತ್ತಿದರು. "ಒಡದು ನೋಡಿ ಮಾತಾಡಿದಿ," ಅಂದರು.

ಹನ್ನೊಂದು ದಿನಕ್ಕೆ ತೀರಿಕೊಂಡರು.

ಆ ಹುಳಗಳನ್ನು ನೋಡಿ ಹೇಳುವವರು ಯಾರಾದರೂ ಇದ್ದಾರೇನೋ ಎಂದು ಲ್ಯಾಬಿಗೆ ಫೋನು ಮಾಡಿದೆ. ಅಲ್ಲಿ ಈಗ ಆ ಕೆಲಸ ಯಾರೂ ಮಾಡುತ್ತಿಲ್ಲವಂತೆ. ವಾಪಸು ತಂದಿದ್ದ ಡಬ್ಬಿ ನಮ್ಮ ಗೋಡೆಯ ಮಾಡದಲ್ಲೇ ಉಳಿಯಿತು. ಚಳಿಗಾಲದಲ್ಲಿ ಮಲಗಿದ ಹುಳ ಮಳೆಗೆ ಏಳುತ್ತದೆ ಎಂದು ಅಕ್ಕನವರೇ ಒಮ್ಮೆ ಹೇಳಿದ್ದರು. ಮೊದಲ ಮಳೆಯಾದ ನಾಲ್ಕನೆಯ ದಿನ ಡಬ್ಬಿಯೊಳಗೆ ಪಟಪಟ ಸದ್ದು. ಬೂದಿಬಣ್ಣದ ಸಣ್ಣ ಪತಂಗಗಳು, ಏಳೋ ಎಂಟೋ. ಹೊಲದ ಅಂಚಿಗೆ ಒಯ್ದು ಮುಚ್ಚಳ ತೆಗೆದೆ. ಅವ್ವ ಹಿಂದೆಯೇ ಬಂದಿದ್ದಳು.

"ಮೆತ್ತನವೇನೋ?" ಎಂದು ಕೇಳಿದಳು.

ಅವು ಒಂದೊಂದಾಗಿ ಡಬ್ಬಿಯ ಅಂಚಿಗೆ ಬಂದು, ಸ್ವಲ್ಪ ಕೂತು, ಹಾರಿಹೋದವು. ಅದನ್ನು ಹೇಳಬಲ್ಲವರು ಒಬ್ಬರಿದ್ದರು.