ಫೋರ್ಕ್ ಬಿಚ್ಚುವ ನಂಜಣ್ಣ

ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಿಚ್ಚುವಾಗ ನಂಜಣ್ಣ ಅದನ್ನು ನೋಡುತ್ತಲೇ ಇರಲಿಲ್ಲ. ಮೇಲಿನ ಬೋಲ್ಟಿಗೆ ಬಟ್ಟೆ ಮುಚ್ಚಿ, ಅಂಗೈಯಿಂದ ಅದುಮಿ, ಸ್ಪ್ಯಾನರ್ ತಿರುಗಿಸುತ್ತ ಮುಖವನ್ನು ರಸ್ತೆಯ ಕಡೆ ಹೊರಳಿಸಿಬಿಡುತ್ತಿದ್ದರು. ಒಳಗಿನ ಸ್ಪ್ರಿಂಗ್ ಬೋಲ್ಟನ್ನೂ ಎತ್ತಿಕೊಂಡು ಹಾರಬಹುದು. ಅದಕ್ಕೇ ಮೊದಲು ಡಬಲ್ ಸ್ಟ್ಯಾಂಡ್, ಇಂಜಿನ್ ಕೆಳಗೆ ಮರದ ದಿಮ್ಮಿ. ಮುಂದಿನ ಚಕ್ರ ನೆಲ ಬಿಟ್ಟ ಮೇಲೆಯೇ ಸ್ಪ್ಯಾನರ್. "ಗಾಡಿ ಭಾರ ಸ್ಪ್ರಿಂಗ್ ಮ್ಯಾಲೆ ಇರೋವಾಗ ಬಿಚ್ಚಬಾರ್ದು ಕಣಪ್ಪ. ಅದಕ್ಕೆ ಮುಖ ಮೋರೆ ಗೊತ್ತಾಗಾಕಿಲ್ಲ."

ಹೊಳೆನರಸೀಪುರದಲ್ಲಿ, ಅರಕಲಗೂಡಿನ ರಸ್ತೆಯಲ್ಲಿ ಅವರ ಬೈಕ್ ರಿಪೇರಿ ಅಂಗಡಿ. ಬ್ರೇಕ್ ಹಿಡಿದರೆ ನನ್ನ ಬೈಕಿನ ಮೂತಿ ಕುಸಿಯುತ್ತಿತ್ತು. ಒಬ್ಬನೇ ಹೋದೆ. ವಾಪಸ್ ಕಳಿಸಿದರು.

"ದಿನಾ ಹಿಂದೆ ಕುಂತ್ಕಳೋ ಆಯಮ್ಮನ್ನೂ ಕರ್ಕಂಡ್ ಬಾ. ನೀನೊಬ್ನೇ ಕುಂತ್ರೆ ಗಾಡಿ ಸುಳ್ ಯೋಳ್ತದೆ."

ಮರುದಿನ ಹೆಂಡತಿ ಹತ್ತಿ ಕೂತಳು. "ನನ್ ತೂಕ ನೋಡಕ್ಕೆ ಕರೆಸಿದ್ರಾ ಅಣ್ಣ?"

"ಇಲ್ಲ ಕಣವ್ವ, ನಿನ್ ಗಂಡ ಎಷ್ಟ್ ಕಮ್ಮಿ ಯೋಳವ್ನೆ ಅಂತ."

ಫೋರ್ಕ್ ಎಷ್ಟು ಇಳಿಯಿತೆಂದು ಅಳೆದು, ಎರಡೂ ಕಡೆ ಸ್ಪ್ರಿಂಗಿನ ಮೇಲೆ ಒಂದೇ ದಪ್ಪದ ವಾಷರ್ ಹಾಕಿದರು.

ಅವರು ಎಂದೂ ರೇಗಿದವರಲ್ಲ ಎಂದು ಬರೆದು ಹೊಡೆದುಹಾಕಿದೆ. ಒಬ್ಬ ಗಿರಾಕಿ ಬೇರೆಲ್ಲೋ ಒಂದೇ ಕಡೆಯ ಸ್ಪ್ರಿಂಗ್ ಬಿಗಿ ಮಾಡಿಸಿಕೊಂಡು, ತಾಯಿಯನ್ನು ಶ್ರವಣಬೆಳಗೊಳಕ್ಕೆ ಕೂರಿಸಿಕೊಂಡು ಹೊರಟಿದ್ದ. ಬ್ರೇಕ್ ಹಿಡಿದರೆ ಗಾಡಿ ಒಂದು ಕಡೆ ಎಳೆಯುತ್ತಿತ್ತು. ನಂಜಣ್ಣ ಕೀ ಕಿತ್ತುಕೊಂಡರು. "ಅವ್ವನ್ ಕರ್ಕಂಡ್ ಬಸ್ಸಲ್ ಓಗ್ಲಾ. ಸಾಯಂಕಾಲ ಬಂದು ಗಾಡಿ ತಗಾ."

ಹೋದ ವರ್ಷ ನಾವಿಬ್ಬರೂ ಮತ್ತೆ ಹೋದೆವು. ಮಾತಾಡುತ್ತಲೇ ಬಟ್ಟೆ ಮುಚ್ಚಿದರು, ಸ್ಪ್ಯಾನರ್ ಹಾಕಿದರು. ಚಕ್ರ ನೆಲದ ಮೇಲೇ ಇತ್ತು. "ಅಣ್ಣ, ಚಕ್ರ" ಎಂದು ನಾನು ಕೂಗಿದೆ. ಹೆಂಡತಿ ಹೇಳುವ ಪ್ರಕಾರ ಕೂಗಿದ್ದು ಅವಳು, ನಾನು ಫೋನಿನಲ್ಲಿದ್ದೆ. ಇರಬಹುದು. ಬೋಲ್ಟ್ ಕಳಚಲು ಇನ್ನು ಎರಡೇ ಸುತ್ತು ಉಳಿದಿತ್ತು ಎನ್ನುವುದರಲ್ಲಿ ನಮಗೆ ಜಗಳವಿಲ್ಲ. ನಂಜಣ್ಣ ಅದನ್ನು ಮತ್ತೆ ಬಿಗಿದು, ದಿಮ್ಮಿ ತಂದು, ಚಕ್ರ ಎತ್ತಿ, ಕೆಲಸವನ್ನು ಮೊದಲಿಂದ ಮಾಡಿದರು.

ಆಮೇಲೆ ಅಂಗಡಿ ತೆರೆಯಲಿಲ್ಲ. ತಿಂಗಳು ಬಿಟ್ಟು ಮನೆಗೆ ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಒಂದಿನ ಮರೆತಿದ್ದಕ್ಕೆ ಯಾರಾದ್ರೂ ಅಂಗಡಿ ಮುಚ್ತಾರಾ ಅಣ್ಣ?"

ಅವರು ನನ್ನ ಕಡೆ ಒಂದು ಹಿಡಿ ಕಾಯಿ ಸರಿಸಿದರು.

"ನೀನ್ ನೋಡಿದ್ದು ಒಂದಿನ ಕಣಪ್ಪ."