ಬಾಣ ಮೇಲಕ್ಕೆ

ನಮ್ಮ ಟೀಚರ ಬಲ ಅಂಗೈ ಮಾರ್ಕರಿನ ಶಾಯಿಯಿಂದ ಸದಾ ನೀಲಿ. ಡಸ್ಟರ್ ಪಕ್ಕದಲ್ಲೇ ಬಿದ್ದಿದ್ದರೂ ಬೋರ್ಡನ್ನು ಅಂಗೈಯಿಂದಲೇ ಒರೆಸುವರು, ಅದೇ ಕೈಯಲ್ಲಿ ಹಣೆಯ ಬೆವರನ್ನೂ. ಉಡುಪಿ ಕಡೆಯವರು, ಮನೆಮಾತು ತುಳು. ಮನೆಗಳಲ್ಲಿ ಇನ್ನೂ ದಪ್ಪ ಮಾನಿಟರುಗಳಿದ್ದ ಕಾಲದಲ್ಲಿ ಡೊಂಬಿವಲಿಯ ತಮ್ಮ ಪುಟ್ಟ ಮನೆಯಲ್ಲಿ ನಮಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸಿದರು.

ಜಾವಾದಲ್ಲಿ 'ಕ್ಲಾಸು' ಎಂದರೆ ಪ್ರೋಗ್ರಾಮಿನ ಒಂದು ಅಚ್ಚು. ಒಂದು ಕ್ಲಾಸು ಇನ್ನೊಂದರಿಂದ ಗುಣಗಳನ್ನು ಬಳುವಳಿಯಾಗಿ ಪಡೆಯುತ್ತದೆ. ಕಾಲೇಜಿನ ಸರ್ ಗುಣ ಕೊಡುವ ಮೇಲಿನ ಕ್ಲಾಸನ್ನು 'ಬಾಪ್', ಅಂದರೆ ಅಪ್ಪ, ಎನ್ನುತ್ತಿದ್ದರು. ಟೀಚರಿಗೆ ಅದು ತಾಯಿ. ಪ್ರತಿ ಕ್ಲಾಸಿಗೂ ಒಬ್ಬಳೇ ತಾಯಿ. ಹೆಸರು ಬರೆಯದಿದ್ದರೂ 'ಆಬ್ಜೆಕ್ಟ್' ಎಂಬ ಮೂಲತಾಯಿ ಇದ್ದೇ ಇರುತ್ತಾಳೆ. ಬೋರ್ಡಿನ ಚಿತ್ರದಲ್ಲಿ ಬಾಣದ ಗುರುತು ಮಗಳಿಂದ ತಾಯಿಯ ಕಡೆಗೆ, ಮೇಲಕ್ಕೆ.

ನಾನು ಗದಗಿನ ಕಡೆಯವಳು. "ನಮ್ಮಲ್ಲಿ ಎಲ್ಲಾ ಅಪ್ಪನ ಕಡಿಂದ ಬರ್ತದಲ್ರೀ ಟೀಚರ್" ಎಂದೆ.

"ನಮ್ಮಲ್ಲಿ ಬರಿ ಬರುದು ತಾಯಿಯಿಂದ ಮಾರಾಯ್ತಿ. ಬರಿ ಅಂದ್ರೆ ಕುಲ. ಗಂಡುಮಕ್ಕಳಿಗೆ ಅದನ್ನು ಮುಂದೆ ದಾಟಿಸ್ಲಿಕ್ಕೆ ಆಗುದಿಲ್ಲ."

ಆ ಮಾತಿನ ಭಾರ ತಿಳಿದದ್ದು ಅವರ ಅಣ್ಣ ಬಂದ ದಿನ. ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲ್ ಇಟ್ಟವರು, ಬಾಯಿ ಜೋರು. ಟೀಚರಿಗೆ ಮಕ್ಕಳಿರಲಿಲ್ಲ, ಅವರ ಮನೆತನದಲ್ಲಿ ಬೇರೆ ಹೆಣ್ಣೂ ಇರಲಿಲ್ಲ. "ನಮ್ಮ ಬರಿ ನಿನ್ನಲ್ಲಿಗೆ ಮುಗೀತು ನೋಡು" ಎಂದು ನಮ್ಮೆದುರೇ ಅಂದುಬಿಟ್ಟರು. ಟೀಚರ್ ಏನೂ ಬರೆದಿರದ ಬೋರ್ಡನ್ನು ಒರೆಸತೊಡಗಿದರು. ನನಗೆ ಆ ಮನುಷ್ಯನ ಮೇಲೆ ಉರಿದುಹೋಯಿತು.

ಅವರು ಹೋದ ಮೇಲೆ, ಏನಾದರೂ ಮಾತಾಡಬೇಕೆಂದು ಕೇಳಿದೆ: "ಟೀಚರ್, ತನ್ನ ಮಕ್ಕಳು ಯಾರ್ಯಾರು ಅಂತ ಆಬ್ಜೆಕ್ಟಿಗೆ ಗೊತ್ತಿರ್ತದೇನ್ರೀ?"

ಅವರ ಮುಖ ಅರಳಿತು. "ಎಂತ ಪ್ರಶ್ನೆ! ಬಾ, ಅದನ್ನೇ ಕೇಳುವ."

ಕಂಪ್ಯೂಟರಿನ ಮುಂದೆ ಕೂತವರು ಒಲೆಯ ಮೇಲಿನ ಹಾಲು ಉಕ್ಕಿದರೂ ಎದ್ದು ಹೋಗಲಿಲ್ಲ. ಯಾವ ಕ್ಲಾಸನ್ನು ಕೇಳಿದರೂ ತಾಯಿಯ ಹೆಸರು ಥಟ್ಟನೆ ಹೇಳಿತು. ಆಬ್ಜೆಕ್ಟಿನ ತಾಯಿ ಯಾರೆಂದರೆ, ಯಾರೂ ಇಲ್ಲ. ಮಕ್ಕಳು ಯಾರೆಂದು ಕೇಳಲು ದಾರಿಯೇ ಇರಲಿಲ್ಲ.

ಟೀಚರ್ ಮಗುವಿನಂತೆ ನಕ್ಕರು. "ನೋಡಿದ್ಯಾ? ತಾಯಿ ಹತ್ರ ಲೆಕ್ಕ ಇಲ್ಲ. ಬಾಣ ಹಾಕುದು ಮಕ್ಕಳ ಕೆಲಸ."

ನಾನು ಐರೋಲಿಯಲ್ಲಿ ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೆ ಅವರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಹೋದೆ. ಅಣ್ಣ ಈಗ ಮುದುಕ, ಗೋಡೆಗೊರಗಿ ಅಳುತ್ತಿದ್ದರು. "ಮುಗೀತು. ನಮ್ಮದು ಅಂತ ಹೇಳ್ಲಿಕ್ಕೆ ಇನ್ನು ಯಾರೂ ಇಲ್ಲ."

ಹಳೆಯ ಸಿಟ್ಟು ಎಲ್ಲಿ ಹೋಯಿತೋ. ಅವರ ಕೈಹಿಡಿದು ಬಾಗಿಲಿಗೆ ಕರೆತಂದೆ. ಮೆಟ್ಟಿಲಿನುದ್ದಕ್ಕೂ, ಕೆಳಗಿನ ಗೇಟಿನವರೆಗೂ ಚಪ್ಪಲಿ, ಬೂಟು. ಬೇರೆ ಬೇರೆ ವರ್ಷ ಅವರಲ್ಲಿ ಕಲಿತ, ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಇನ್ನೂ ಹತ್ತಿ ಬರುತ್ತಲೇ ಇದ್ದರು.

"ನೋಡ್ರಿ ಅಣ್ಣಾ," ಎಂದೆ, "ಎಲ್ಲಾರೂ ಟೀಚರ್ ಮಕ್ಕಳು."