ಅರ್ಧ ಕಿಲೋದ ಮೇಲೊಂದು ಕೊಸರು

ನನ್ನ ಕೈಗೆ ಬಂದ ಮೊದಲ ಒಳ್ಳೆಯ ಏರ್ ಪಿಸ್ತೂಲು ನನ್ನದಲ್ಲ, ಶೂಟಿಂಗ್ ಕ್ಲಬ್ಬಿನದು. ಎಪ್ಪತ್ತರ ದಶಕದ ಮಾತು, ಆಗ ನಾನು ಕಾಲೇಜಿನಲ್ಲಿದ್ದೆ. ಸ್ಪರ್ಧೆಗೆ ಮುಂಚಿನ ವಾರ ಅಭ್ಯಾಸಕ್ಕೆಂದು ಅದನ್ನು ಮನೆಗೆ ಒಯ್ಯಲು ಬಿಟ್ಟಿದ್ದರು. ಆ ಸ್ಪರ್ಧೆಯಲ್ಲಿ ಆಡಿದವರನ್ನು ಮಾತ್ರ ರಾಜ್ಯ ತಂಡದ ಆಯ್ಕೆಗೆ ಕರೆಯುತ್ತಿದ್ದರು. ಹಿಂದಿನ ವರ್ಷ ಜ್ವರ ಹಿಡಿದು ಮಲಗಿಬಿಟ್ಟಿದ್ದೆ. ಈ ಸಲವೂ ತಪ್ಪಿದರೆ ಪಿಸ್ತೂಲು ಬೇರೆಯವರ ಪಾಲಾಗುವುದಿತ್ತು.

ಗುರಿ ಇಡುವುದಕ್ಕೂ ಮೊದಲು ಒಂದು ಪರೀಕ್ಷೆ: ಟ್ರಿಗರಿನ ತೂಕ. ಗುಂಡಿಲ್ಲದ ಪಿಸ್ತೂಲನ್ನು ಎಳೆದು ಸಜ್ಜು ಮಾಡಿ, ನಳಿಗೆಯನ್ನು ಸೂರಿನತ್ತ ತಿರುಗಿಸಿ, ಟ್ರಿಗರಿಗೆ ಅರ್ಧ ಕಿಲೋ ತೂಕ ನೇತುಹಾಕಿ ಮೇಜಿನಿಂದ ಮೇಲೆತ್ತುತ್ತಾರೆ. ಟ್ರಿಗರ್ ಜಾರದೆ ತೂಕವನ್ನು ತಡೆದುಕೊಂಡರೆ ಸರಿ. ‘ಟಕ್’ ಎಂದು ಜಾರಿದರೆ, ಮೂರನೆಯ ಸಲವೂ ಜಾರಿದರೆ, ಅಂದು ಆಟವಿಲ್ಲ. ಟ್ರಿಗರ್ ಹಗುರವಾದಷ್ಟೂ ಬೆರಳಿಗೆ ಸುಖ. ಹಾಗಾಗಿ ಅರ್ಧ ಕಿಲೋದ ಮೇಲೆ ಕೂದಲೆಳೆಯಷ್ಟೂ ಹೆಚ್ಚಿರಬಾರದೆಂದು ನಾನು ಹಟ ಹಿಡಿದಿದ್ದೆ.

ಮನೆಯಲ್ಲಿ ಕೊಕ್ಕೆ ಇರುವ ತೂಕದ ಕಲ್ಲು ಎಲ್ಲಿಂದ ಬರಬೇಕು? ಅಮ್ಮ ಹಳೆಯ ರವಿಕೆಯ ಬಟ್ಟೆಯಲ್ಲಿ ದಾರದ ಕುಣಿಕೆಯಿರುವ ಚೀಲವೊಂದನ್ನು ಹೊಲಿದಳು. ಅದಕ್ಕೆ ಕುಚ್ಚಲಕ್ಕಿ ತುಂಬಿ, ಕೆಳಗಿನ ಅಂಗಡಿಯ ತಕ್ಕಡಿಯಲ್ಲಿ ಚೀಲ ಸಮೇತ ಸರಿಯಾಗಿ ಅರ್ಧ ಕಿಲೋ ತೂಗಿಸಿ ತಂದೆ. ಬಾಯಿ ಹೊಲಿಯಲು ಅಮ್ಮನ ಕೈಗೆ ಕೊಟ್ಟೆ.

ಸಯನ್‌ನಲ್ಲಿ ನಮ್ಮ ಬಿಲ್ಡಿಂಗ್ ರೈಲು ಹಳಿಗೆ ಅಂಟಿಕೊಂಡೇ ಇತ್ತು. ಲೋಕಲ್ ರೈಲು ಹೋದಾಗಲೆಲ್ಲ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ನಾನು ಚೀಲ ಎತ್ತಲು ಹೊರಟರೆ ಬೀನ್ಸ್ ಹೆಚ್ಚುತ್ತಿದ್ದ ಅಮ್ಮ ಕಿವಿಗೊಟ್ಟು, “ತಡಿ ಮಾರಾಯ್ತಿ, ಫಾಸ್ಟ್ ಬರ್ತಾ ಉಂಟು,” ಎನ್ನುತ್ತಿದ್ದಳು. ರೈಲು ದಾಟಿದ ಮೇಲೆ ಮೆಲ್ಲಗೆ ಎತ್ತುತ್ತಿದ್ದೆ. ಟಕ್. ಟ್ರಿಗರಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿ ಮತ್ತೆ ಎತ್ತುತ್ತಿದ್ದೆ. ಕೊನೆಗೂ ನಿಂತಿತು. ಆದರೆ ಬೆರಳಿಗೆ ಯಾಕೋ ಭಾರ. ವಾರವಿಡೀ ನನ್ನ ಕೈಯನ್ನೇ ಬೈದುಕೊಂಡು ಅಭ್ಯಾಸ ಮಾಡಿದೆ.

ಸ್ಪರ್ಧೆಯ ಬೆಳಿಗ್ಗೆ ಅಮ್ಮನೂ ಜೊತೆಗೆ ಹೊರಟಳು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತು ಟ್ರಿಗರಿನ ಭಾರದ ಬಗ್ಗೆ ಗೊಣಗಿದೆ.

“ಕೊಸರು ಹಾಕಿದ್ದಕ್ಕೆ ಹಾಗಾಯ್ತೋ ಎಂತದೋ,” ಎಂದಳು.

“ಎಂತ ಕೊಸರು?”

“ಚೀಲ ಹೊಲಿಯುವಾಗ ಮೇಲಿಂದ ಒಂದು ಸಣ್ಣ ಹಿಡಿ ಅಕ್ಕಿ ಹಾಕಿದೆ. ಬರೇ ಅರ್ಧ ಕಿಲೋ ಅಂತ ತೂಗಿ ಇಡ್ಲಿಕ್ಕೆ ಆಗ್ತದಾ? ಜಿಪುಣರ ಹಾಗೆ!”

ತರಕಾರಿಯವಳಿಂದ ಎರಡು ಹಸಿಮೆಣಸಾದರೂ ಕೊಸರು ಹಾಕಿಸಿಕೊಳ್ಳದೆ ಕದಲದ ಹೆಂಗಸು ನನ್ನಮ್ಮ. ನೆರೆಮನೆಗೆ ಒಂದು ಲೋಟ ಸಕ್ಕರೆ ಕೊಡುವಾಗಲೂ ಮೇಲೊಂದು ಚಮಚ ಸುರಿಯುವವಳು. ಅವಳಿಗೆ ಅಳತೆ ಎಂದರೆ ಅಳತೆ ಮತ್ತು ಕೊಸರು. ನನ್ನ ಪಿತ್ತ ನೆತ್ತಿಗೇರಿತು. ಸಡಿಲಿಸೋಣವೆಂದರೆ ಸ್ಕ್ರೂಡ್ರೈವರ್ ಮನೆಯಲ್ಲೇ ಉಳಿದಿತ್ತು. ದಾದರ್ ಸ್ಟೇಷನ್ ದಾಟುವವರೆಗೂ ಮುಖವನ್ನು ಕಿಟಕಿಯತ್ತ ತಿರುಗಿಸಿ ಕೂತೆ.

“ಹಾಳಾಯ್ತಾ?” ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು.

ಸ್ಪರ್ಧೆಯಲ್ಲಿ ಟ್ರಿಗರಿನ ತೂಕ ನೋಡುವವರು ಅವಸರದ ಮನುಷ್ಯ. ನನ್ನ ಹಾಗೆ ಮೆಲ್ಲಗೆ ಎತ್ತದೆ, ಬಾವಿಯಿಂದ ಕೊಡ ಎಳೆದ ಹಾಗೆ ಎತ್ತುತ್ತಿದ್ದರು. ಆ ಎಳೆತಕ್ಕೆ ನನ್ನ ಮುಂದಿದ್ದ ಹುಡುಗನದು ಮೂರು ಸಲವೂ ಟಕ್ ಎಂದಿತು.

“ಘರ್ ಪೇ ಬರಾಬರ್ ಆಧಾ ಕಿಲೋ ಉಠಾಯಾ ಥಾ, ಸರ್!” ಮನೆಯಲ್ಲಿ ಸರಿಯಾಗಿ ಅರ್ಧ ಕಿಲೋ ಎತ್ತಿತ್ತೆಂದು ಅವನು ಗೋಗರೆದ.

“ಘರ್ ಕಾ ಘರ್ ಪೇ,” ಮನೆಯದು ಮನೆಯಲ್ಲೇ, ಎಂದು ಅವರು ನನ್ನತ್ತ ಕೈ ಚಾಚಿದರು.

ಪಿಸ್ತೂಲು ಕೊಟ್ಟೆ. ತೂಕ ನೇತುಹಾಕಿ ಅದೇ ಅವಸರದಲ್ಲಿ ಎತ್ತಿದರು. ತೂಕ ಗಾಳಿಯಲ್ಲಿ ಓಲಾಡಿತು. ಟ್ರಿಗರ್ ಮಿಸುಕಲಿಲ್ಲ. “ನೆಕ್ಸ್ಟ್,” ಎಂದರು.

ಕಣ್ಣು ತುಂಬಿ ಬಂತು. ಇಂಥ ಖುಷಿ ಆಮೇಲೆ ಪದಕ ಬಂದಾಗಲೂ ಆಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅಮ್ಮ ತಿಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ಮಾಡಿದವಳಂತೆ ಮುದುಡಿ ಕೂತಿದ್ದಳು.

“ತೂಕ ಸರಿ ಬಂತಾ?”

“ಬಂತಮ್ಮ. ನೀನು ಹಾಕಿದ ಆ ಹಿಡಿ ಅಕ್ಕಿಯಿಂದಲೇ ಬಂತು.”

ಅವಳು ನೆಟ್ಟಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಸುತ್ತಲಿನವರಿಗೆಲ್ಲ ಕೇಳುವಂತೆ ಗದರಿದಳು:

“ಮತ್ತೆ ಇಲ್ಲಿ ಎಂತ ನಿಂತದ್ದು? ಹೋಗು, ಹೊಡಿ!”